ಜಿಂಕೆಯ ಪಾಲಿನ ಅವರೆ

ನನ್ನ ಅಡುಗೆಮನೆಯಲ್ಲಿ ನನಗೆ ಗೊತ್ತಿಲ್ಲದೆ ಒಂದು ಕಾಳೂ ಮೊಳಕೆ ಒಡೆಯುವಂತಿಲ್ಲ. ಹೀಗಿರುವಾಗ ಹೋದ ವರ್ಷ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಮಿಕ್ಸಿಯ ಹಿಂದೆ, ಕಿಟಕಿಯ ಬಿಸಿಲು ಬೀಳುವ ಕಡೆ, ಒದ್ದೆ ಬಟ್ಟೆಯ ಗಂಟೊಂದು ಸಿಕ್ಕಿತು. ಬಿಚ್ಚಿ ನೋಡಿದರೆ ಅವರೆಕಾಳು. ಒಂದೊಂದರಿಂದಲೂ ಬೆಳ್ಳನೆಯ ಮೊಳಕೆ ಇಣುಕುತ್ತಿತ್ತು. ಮದುವೆಯಾದಾಗಿನಿಂದ ತಮ್ಮ ಕಾಫಿಯನ್ನು ತಾವು ಬೆರೆಸಿಕೊಳ್ಳದ ಮನುಷ್ಯರು ಹೀಗೆ ಕಾಳು ನೆನೆಹಾಕಿ ಗಂಟು ಕಟ್ಟಿಟ್ಟರೆ, ನೀವೇ ಹೇಳಿ, ನಿಮಗೆ ಏನನ್ನಿಸುತ್ತದೆ? ಬೇರೆ ಹೆಂಗಸಾಗಿದ್ದರೆ ಸಂತೋಷಪಡುತ್ತಿದ್ದಳೇನೋ. ನಾನು ಅನುಮಾನಪಟ್ಟೆ.

"ರೀ, ಏನಿದು?"

ನಮ್ಮನೆಯವರು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಜರ್ಮಿನೇಶನ್ ಟೆಸ್ಟು. ಎಷ್ಟು ಕಾಳು ಹುಟ್ಟುತ್ತೆ, ಎಷ್ಟು ಜೊಳ್ಳು ಅಂತ ನೋಡೋಕೆ."

"ಮೊಳಕೆಕಾಳಿನ ಸಾರು ಬೇಕಿದ್ರೆ ಬಾಯಿಬಿಟ್ಟು ಕೇಳಬಾರದಾ?"

"ಸಾರಿಗಲ್ಲ ಕಣೇ. ಜಿಂಕೆಗೆ."

ಇಷ್ಟು ಹೇಳಿ ಮತ್ತೆ ಲ್ಯಾಪ್‌ಟಾಪಿನೊಳಗೆ ಮುಳುಗಿದರು. ಹೀಗೆ ಬಟ್ಟೆ ಕಟ್ಟಿ ಬೀಜ ಪರೀಕ್ಷೆ ಮಾಡುವುದು ನಮ್ಮಪ್ಪನ ಪದ್ಧತಿ. ಅಂಗಡಿಯವನು ಎಷ್ಟೇ ಆಣೆ ಮಾಡಿ ಬೀಜ ಕೊಟ್ಟರೂ ಅಪ್ಪ ನಂಬುತ್ತಿರಲಿಲ್ಲ. ಹಿಡಿ ಕಾಳು ಒದ್ದೆ ಮಾಡಿ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ, ಒಲೆಯ ಪಕ್ಕದಲ್ಲಿಟ್ಟು, ಮೊಳಕೆ ಬಂದ ಮೇಲೆಯೇ ನೇಗಿಲು ತೆಗೆಯುತ್ತಿದ್ದರು. ಇದನ್ನು ಯಾವಾಗಲೋ ಮಾತಿಗೆ ಇವರಿಗೆ ನಾನೇ ಹೇಳಿದ್ದಿರಬೇಕು. ನಾನು ಹೇಳಿದ್ದನ್ನು ಇವರು ಕೇಳಿಸಿಕೊಂಡಿದ್ದಾರೆ ಎನ್ನುವುದೇ ನನ್ನ ಎರಡನೆಯ ಅನುಮಾನಕ್ಕೆ ಕಾರಣವಾಯಿತು.

ನನ್ನದು ಅನುಮಾನದ ಸ್ವಭಾವ ಎಂದು ಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅಮೆರಿಕದಲ್ಲಿ ನಾವಿರುವ ಫ್ರೀಮಾಂಟಿನ ಇಂಡಿಯನ್ ಗ್ರೋಸರಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡದೆ ನಾನು ಒಂದನ್ನೂ ಚೀಲಕ್ಕೆ ಹಾಕುವುದಿಲ್ಲ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತೇನೆ. ಒಂದು ಕೊಂಡರೆ ಒಂದು ಉಚಿತ ಎಂದು ಬರೆದಿದ್ದರೆ ಎರಡನ್ನೂ ಮುಟ್ಟುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವ ನಮ್ಮ ಮಗಳು ಮೇಘಾ ಫೋನಿನಲ್ಲಿ "ಐ ಆಮ್ ಫೈನ್ ಅಮ್ಮಾ" ಎಂದರೆ, ಆ "ಫೈನ್" ಎಷ್ಟು ಉದ್ದವಿತ್ತು ಎಂದು ಅಳೆದು, ಅದರ ಮೇಲೆ ಅವಳು ಊಟ ಮಾಡಿದ್ದಾಳೋ ಇಲ್ಲವೋ ಹೇಳುತ್ತೇನೆ. ಬಹಳ ಸಲ ಸರಿಯಾಗಿಯೇ ಹೇಳಿದ್ದೇನೆ.

ಆದರೆ ಇವರ ವಿಷಯದಲ್ಲಿ ನನ್ನ ಅನುಮಾನಕ್ಕೆ ಒಂದು ದೊಡ್ಡ ಕಾರಣವೇ ಇತ್ತು. ಮೈಸೂರಿನಲ್ಲಿ ನಮ್ಮದೊಂದು ಸೈಟಿದೆ. ಇವರು ರಿಟೈರ್ ಆದ ಮೇಲೆ ಅಲ್ಲಿ ಮನೆ ಕಟ್ಟಿಸಿ ಹೋಗಿ ಇರುವುದು ಎಂದು ನಾವಿಬ್ಬರೂ ಮಾತಾಡಿಕೊಂಡದ್ದು ಇಂದು ನಿನ್ನೆಯಲ್ಲ. ದೇವರ ಮನೆ ಎಲ್ಲಿ, ತುಳಸಿಕಟ್ಟೆ ಎಲ್ಲಿ, ಒಗೆಯುವ ಕಲ್ಲಿಗೆ ಬಿಸಿಲು ಯಾವ ಕಡೆಯಿಂದ ಬೀಳಬೇಕು ಎನ್ನುವುದೆಲ್ಲ ನನ್ನ ತಲೆಯಲ್ಲಿ ಕಟ್ಟಿ ಮುಗಿದಿದೆ. ಇಲ್ಲಿಯ ಪಾತ್ರೆಗಳಲ್ಲಿ ಯಾವುದನ್ನು ಒಯ್ಯಬೇಕು, ಯಾವುದನ್ನು ಮೇಘಾಳಿಗೆ ಬಿಡಬೇಕು ಎನ್ನುವುದೂ ತೀರ್ಮಾನವಾಗಿತ್ತು. ಇವರು ರಿಟೈರ್ ಆದರು. ಕೇಕು ಕತ್ತರಿಸಿದ್ದೂ ಆಯಿತು. ನಾನು ಮೈಸೂರಿನ ಮಾತೆತ್ತಿದಾಗಲೆಲ್ಲ "ನೋಡೋಣ" ಎನ್ನತೊಡಗಿದರು.

ಈ "ನೋಡೋಣ" ಎಂಬ ಮಾತಿನ ಬಗ್ಗೆ ನಿಮಗೆ ಗೊತ್ತೇ ಇರುತ್ತದೆ. ಗಂಡಸರು ಆಗುವುದಿಲ್ಲ ಎಂದು ಹೇಳಲು ಧೈರ್ಯವಿಲ್ಲದಾಗ ಈ ಮಾತನ್ನು ಮುಂದೆ ಬಿಡುತ್ತಾರೆ. ಸೋಫಾ ಬದಲಾಯಿಸುವ ವಿಷಯದಲ್ಲಿ ಆರಂಭವಾದ "ನೋಡೋಣ" ಸೋಫಾ ಮುರಿದು ಬೀಳುವವರೆಗೆ ನಡೆದದ್ದನ್ನು ಕಂಡವಳು ನಾನು. ಮೈಸೂರಿನ ಮನೆಗೂ ಇದೇ ಗತಿಯೇನೋ ಎಂಬ ಭಯ ಒಳಗೊಳಗೇ ಕೊರೆಯುತ್ತಿತ್ತು.

ಅಷ್ಟರಲ್ಲಿ ಇವರಿಗೆ ಜಮೀನಿನ ಹುಚ್ಚು ಹಿಡಿಯಿತು. ಇಲ್ಲಿಯ ಡಬ್ಲಿನ್ ಊರು ದಾಟಿ, ಲಿವರ್‌ಮೋರ್ ದಾಟಿ, ಫ್ರೀವೇ ಬಿಟ್ಟು, ಗುಡ್ಡಗಳ ನಡುವೆ ಸುತ್ತಿ ಸುತ್ತಿ ಹೋದರೆ ಸಿಗುವ ಒಂದು ಒಣ ಇಳಿಜಾರು. ಹಿಂದಿನವರು ದನ ಮೇಯಿಸಿ ಮೇಯಿಸಿ ನೆಲವನ್ನು ಬೋಳು ಮಾಡಿದ್ದರು. ಇವರು ಅದನ್ನು ಕಾಡುಪ್ರಾಣಿಗಳಿಗಾಗಿ ಸರಿಪಡಿಸುತ್ತಾರಂತೆ. ಜಿಂಕೆ, ಕಾಡುಕೋಳಿ, ಜುಟ್ಟಿನ ಹಕ್ಕಿಗಳು ಬಂದು ಹೋಗುವಂತೆ ಮಾಡುತ್ತಾರಂತೆ. ಮೈಸೂರಿನ ಬ್ಯಾಂಕ್ ಕ್ವಾರ್ಟರ್ಸಿನಲ್ಲಿ ಬೆಳೆದ, ಮನೆಯ ಹಿಂದಿನ ಕರಿಬೇವಿನ ಕುಂಡಕ್ಕೆ ಒಂದು ಚೊಂಬು ನೀರು ಹಾಕದ ಇವರು! ನಾನು ಕಾಗದಗಳನ್ನೆಲ್ಲ ತಿರುಗಿಸಿ ನೋಡಿದೆ. ಅಲ್ಲಿ ಮನೆ ಕಟ್ಟಲು ಅನುಮತಿ ಇಲ್ಲ ಎಂದಿತ್ತು. ಅದನ್ನು ನೋಡಿ ಸಮಾಧಾನವಾಯಿತು. ಮನೆ ಕಟ್ಟಲಾಗದ ಜಾಗದಲ್ಲಿ ಯಾರು ನೆಲೆಯೂರುತ್ತಾರೆ, ಹುಚ್ಚು ಒಂದು ವರ್ಷಕ್ಕೆ ಇಳಿಯುತ್ತದೆ ಎಂದು ಖರೀದಿಗೆ ಒಪ್ಪಿದೆ.

ಜಮೀನಿನ ಪಕ್ಕದಲ್ಲಿ ಕ್ಯಾರಲ್ ಎಂಬ ಮುದುಕಿ ಇದ್ದಾಳೆ. ಒಂಟಿ ಜೀವ. ಎರಡು ನಾಯಿ, ಒಂದು ಪಿಕಪ್ ಟ್ರಕ್ಕು, ಒಂದು ಟ್ರ್ಯಾಕ್ಟರು. ಮೊದಲ ದಿನವೇ ಬಂದು, ಟ್ರ್ಯಾಕ್ಟರ್ ಬೇಕಾದರೆ ಒಯ್ಯಿರಿ, ಬಾಡಿಗೆ ಏನೂ ಬೇಡ ಎಂದಳು. ಬಾಡಿಗೆ ಬೇಡ ಎಂದ ಕೂಡಲೇ ನಾನು ಎಚ್ಚರವಾದೆ. ಅವಳ ಗ್ಯಾರೇಜಿನ ಬಾಗಿಲ ಮೇಲೆ ನೋಡಿದರೆ ಒಂದು ಜೊತೆ ಜಿಂಕೆಕೊಂಬು. ನನಗೆ ಎಲ್ಲ ಹೊಳೆದುಹೋಯಿತು. ನಾವು ಬೆಳೆ ಬೆಳೆದು ಜಿಂಕೆಗಳನ್ನು ಕರೆಸುವುದು, ಈಯಮ್ಮ ಬೇಲಿಯ ಆಚೆ ಬಂದೂಕು ಹಿಡಿದು ಕೂರುವುದು! ಕಾರಿನಲ್ಲಿ ಬರುವಾಗ ಇವರಿಗೆ ಹೇಳಿದರೆ ನಕ್ಕುಬಿಟ್ಟರು. ಮುಂದಿನ ವಾರ ನಾನೇ ನೇರವಾಗಿ ಕೇಳಿದೆ. ಗಂಡುಜಿಂಕೆಗಳು ವರ್ಷಕ್ಕೊಮ್ಮೆ ಕೊಂಬು ಉದುರಿಸುತ್ತವೆ, ಇವು ಹುಲ್ಲಿನಲ್ಲಿ ಬಿದ್ದು ಸಿಕ್ಕವು ಎಂದಳು. ಮನೆಗೆ ಬಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ನಿಜವಾಗಿಯೂ ಉದುರಿಸುತ್ತವಂತೆ. ಆದರೂ ಎರಡು ಕೊಂಬೂ ಒಂದೇ ಕಡೆ ಹೇಗೆ ಸಿಕ್ಕವು ಎನ್ನುವುದು ನನಗಿನ್ನೂ ಬಗೆಹರಿದಿಲ್ಲ.

ಪ್ರಾಣಿಗಳಿಗೆ ಬೆಳೆಯುವ ಈ ಹೊಲಕ್ಕೆ ಇಲ್ಲಿಯವರು ಫುಡ್ ಪ್ಲಾಟ್ ಎನ್ನುತ್ತಾರೆ. ಕಾಳನ್ನು ತಂದು ಜಿಂಕೆಯ ಮುಂದೆ ಸುರಿಯುವುದು ತಪ್ಪಂತೆ, ಬೆಳೆದು ಬಿಟ್ಟರೆ ಅಡ್ಡಿಯಿಲ್ಲವಂತೆ. ತಟ್ಟೆಗೆ ಬಡಿಸಬಾರದು, ಪಂಕ್ತಿಗೆ ಕೂರಿಸಬಹುದು ಎಂದ ಹಾಗಾಯಿತು. ಕ್ಯಾರಲ್ ಇದರ ಒಳಗುಟ್ಟನ್ನು ಇವರಿಗೆ ಹೇಳಿಕೊಟ್ಟದ್ದು ನನ್ನೆದುರಿಗೇ. ಕಾಡುಪ್ರಾಣಿಯನ್ನು ಬಾ ಎಂದು ಕರೆದರೆ ಬರುವುದಿಲ್ಲ, ಅಟ್ಟಿಸಿಕೊಂಡು ಹೋಗಿ ಹಿಡಿದರೆ ನಿಲ್ಲುವುದಿಲ್ಲ. ಮೇವು, ನೀರು, ಮರೆ ಇವಿಷ್ಟನ್ನು ಒದಗಿಸಿ ನೀವು ಸುಮ್ಮನೆ ದೂರ ಕೂತುಬಿಡಿ, ಅದಾಗಿಯೇ ಬರುತ್ತದೆ, ಬಂದದ್ದು ಮೆಲ್ಲಗೆ ಅಲ್ಲೇ ನೆಲೆ ನಿಲ್ಲುತ್ತದೆ ಎಂದಳು. ಇವರು ತಲೆಯಾಡಿಸುತ್ತ ಕೇಳಿಸಿಕೊಂಡರು. ನಾನು ಅವಳ ನಾಯಿಗಳು ನನ್ನ ಸೀರೆ ಮೂಸದಂತೆ ನೋಡಿಕೊಳ್ಳುವುದರಲ್ಲಿದ್ದೆ.

ನಿಜ ಹೇಳಬೇಕೆಂದರೆ ಪ್ರಾಣಿಗಳಿಗೆಂದು ಬೆಳೆಯುವುದು ನನ್ನ ಹೊಟ್ಟೆಗೆ ಒಗ್ಗದ ಮಾತು. ನಾನು ಹುಟ್ಟಿ ಬೆಳೆದದ್ದು ನಾಗಮಂಗಲದ ಕಡೆಯ ಒಂದು ಊರಿನಲ್ಲಿ. ಸ್ಕೂಲಿನಿಂದ ಬಂದು ಚೀಲ ಎಸೆದ ಕೂಡಲೇ ನನ್ನ ಕೈಗೆ ಒಂದು ಎಣ್ಣೆಡಬ್ಬ, ಒಂದು ಕೋಲು ಕೊಟ್ಟು ಹೊಲಕ್ಕೆ ಅಟ್ಟುತ್ತಿದ್ದರು. ಜೋಳ ಹಾಲುಗಟ್ಟುವ ಕಾಲಕ್ಕೆ ಗಿಣಿಗಳ ದಂಡು ಬರುತ್ತಿತ್ತು. ಬಂಡೆಯ ಮೇಲೆ ಕೂತು ಡಬ್ಬ ಬಡಿಯುವುದು ನನ್ನ ಉದ್ಯೋಗ. ಬಡಿಯುವುದು ನಿಂತರೆ ಅವ್ವನಿಗೆ ಮನೆಯಲ್ಲೇ ಗೊತ್ತಾಗುತ್ತಿತ್ತು. ಬಾಗಿಲಿಗೆ ಬಂದು ಕೂಗುತ್ತಿದ್ದಳು, "ಸುಮ್ಕೆ ಯಾಕ್ ಕುಂತ್ಕಂಡೆ ಮಗಾ? ಬಡೀತಿರು. ನೀನು ಆಕಳಿಸಿದ್ರೂವೆ ಆ ಮುಂಡೇವ್ಕೆ ಗೊತ್ತಾಗೋಯ್ತದೆ."

ಹೀಗಾಗಿ ಏನು ಅಲುಗಾಡಿದರೂ ಅದು ನಮ್ಮದನ್ನು ತಿನ್ನಲು ಬಂದದ್ದು ಎಂದುಕೊಳ್ಳುವುದು ನನಗೆ ಆಗಿನಿಂದಲೇ ಅಭ್ಯಾಸ. ಗಿಣಿ ಸರಿ, ನಾನು ಕಾಗೆಯನ್ನೂ ಬಿಡುತ್ತಿರಲಿಲ್ಲ. ದಾರಿಯಲ್ಲಿ ಹೋಗುವ ಪಕ್ಕದೂರಿನ ಮೇಷ್ಟರು ಸೈಕಲ್ ನಿಲ್ಲಿಸಿ ಬೆವರೊರೆಸಿಕೊಂಡರೂ ನಾಲ್ಕು ಏಟು ಜೋರಾಗಿ ಬಡಿಯುತ್ತಿದ್ದೆ. ಅಣ್ಣ ನನಗೆ "ಪೊಲೀಸ್ ಜಯಿ" ಎಂದು ಹೆಸರಿಟ್ಟಿದ್ದ. ಅವನು ಎಳೆ ತೆನೆ ಕಿತ್ತು ಸುಟ್ಟು ತಿನ್ನುತ್ತಿದ್ದದ್ದನ್ನು ಅವ್ವನಿಗೆ ಹೇಳಿಕೊಟ್ಟವಳು ನಾನೇ.

ಅಂಥ ನಾನು ಹೋದ ಮೇ ತಿಂಗಳಲ್ಲಿ, ನೆಲ ಬೆಚ್ಚಗಾದ ಮೇಲೆ, ಇವರ ಬಿತ್ತನೆ ನೋಡಲು ಹೋದೆ. ಬೀಜದ ಚೀಲದ ಮೇಲೆ ಕವಲುಗೊಂಬಿನ ದೊಡ್ಡದೊಂದು ಜಿಂಕೆಯ ಚಿತ್ರ. ಒಳಗೆ ಕೈಹಾಕಿ ನೋಡಿದರೆ ಅವರೆ, ಅಲಸಂದೆ, ಸೂರ್ಯಕಾಂತಿ, ಸಜ್ಜೆ. ನಮ್ಮವ್ವ ಹೊಲದಲ್ಲಿ ಅಕ್ಕಡಿ ಸಾಲಿಗೆ, ಅಂದರೆ ರಾಗಿಯ ನಡುನಡುವೆ ಬಿಡುತ್ತಿದ್ದ ಸಾಲಿಗೆ, ಹಾಕುತ್ತಿದ್ದ ಕಾಳುಗಳೇ ಹೆಚ್ಚುಕಡಿಮೆ ಎಲ್ಲವೂ ಅಲ್ಲಿದ್ದವು. ನಮ್ಮನ್ನು ಸಾಕಿದ ಧಾನ್ಯವನ್ನು ಇಲ್ಲಿಯವರು ಜಿಂಕೆಯ ಹೆಸರಿನಲ್ಲಿ ಮಾರುತ್ತಿದ್ದಾರಲ್ಲ ಎಂದು ನನಗೆ ವಿಚಿತ್ರವಾದ ಸಂಕಟವಾಯಿತು.

ಇವರು ಕೊರಳಿಗೆ ಒಂದು ಚೀಲದಂಥ ಯಂತ್ರ ತಗುಲಿಹಾಕಿಕೊಂಡು, ಹಿಡಿ ತಿರುಗಿಸುತ್ತ ಕಾಳನ್ನು ಎತ್ತೆತ್ತಲೋ ಚಿಮ್ಮಿಸುತ್ತಿದ್ದರು. ನೋಡುತ್ತ ನಿಲ್ಲುವುದು ನನ್ನಿಂದಾಗಲಿಲ್ಲ.

"ಮದುವೆ ಮನೇಲಿ ಅಕ್ಷತೆ ಹಾಕ್ತಿದ್ದೀರಾ? ಹಿಂಗಾ ಬಿತ್ತೋದು?"

"ಕ್ಯಾರಲ್ ಹೀಗೇ ಅಂದ್ರು."

"ಕ್ಯಾರಲ್‌ಗೆ ಅವರೆ ಏನು ಗೊತ್ತು? ಇತ್ತ ಕೊಡಿ."

ಶೂ ಬಿಚ್ಚಿಟ್ಟು, ಸೆರಗು ಸಿಕ್ಕಿಸಿ, ಮಡಿಲಿಗೆ ಕಾಳು ಸುರಿದುಕೊಂಡು ಸಾಲು ಹಿಡಿದೆ. ಅಭ್ಯಾಸಬಲದಿಂದ ಮೊದಲ ಹಿಡಿಯನ್ನು ಬದುವಿನ ಕಡೆ ಎಸೆದೆ. ನಮ್ಮವ್ವ ಹಾಗೆ ಮಾಡುತ್ತಿದ್ದಳು. "ಇದು ನಿಮ್ಮ ಪಾಲು, ತಿನ್ಕಳಿ. ಮಿಕ್ಕಿದ್ಕೆ ಬರ್ಬ್ಯಾಡಿ" ಎಂದು ಹಕ್ಕಿಪಕ್ಷಿಗೆ ಮೊದಲೇ ಲಂಚ ಕೊಟ್ಟು ಬಾಯಿ ಕಟ್ಟುವ ಉಪಾಯ ಅದು. ನಾನೂ ಅದೇ ಮಾತು ಹೇಳಿದೆ. ಹೇಳಿದ ಮೇಲೆ, ಇಲ್ಲಿ ಮಿಕ್ಕಿದ್ದೂ ಅವುಗಳದೇ ಅಲ್ಲವೇ ಎಂದು ನೆನಪಾಯಿತು. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಬಿತ್ತನೆಯಾದ ಮೇಲೆ ಕ್ಯಾರಲ್ ಹೇಳಿದಂತೆ ಇವರು ಹೊಲದ ನಡುವೆ ತಂತಿಬಲೆಯ ಒಂದು ಸಣ್ಣ ಪಂಜರ ನಿಲ್ಲಿಸಿದರು. ಪಂಜರದೊಳಗಿನ ಗಿಡಗಳನ್ನು ಯಾವ ಪ್ರಾಣಿಯೂ ಮುಟ್ಟುವಂತಿಲ್ಲ. ಒಳಗಿನ ಗಿಡಕ್ಕೂ ಹೊರಗಿನ ಗಿಡಕ್ಕೂ ಇರುವ ವ್ಯತ್ಯಾಸ ನೋಡಿದರೆ ಪ್ರಾಣಿಗಳು ಎಷ್ಟು ತಿಂದವು ಎಂದು ತಿಳಿಯುತ್ತದೆ. ಅಷ್ಟಕ್ಕೇ ಅದು ಇರುವುದು.

ಜೂನ್ ಕಳೆಯುವ ಹೊತ್ತಿಗೆ ವ್ಯತ್ಯಾಸ ಚೆನ್ನಾಗಿಯೇ ತಿಳಿಯಿತು. ಒಳಗೆ ಮೊಣಕಾಲುದ್ದ ಅವರೆಬಳ್ಳಿ. ಹೊರಗೆ ಬರೀ ಮೋಟು. ಇವರಿಗೆ ಪರಮಾನಂದ. ನನಗೆ ಸಿಟ್ಟು. ನಾನೇ ಸಾಲು ಹಿಡಿದು ಬಿತ್ತಿದ ಕಾಳು! ಒಂದು ಸಂಜೆ ಎರಡು ಜಿಂಕೆಗಳು ಇಳಿಜಾರು ಇಳಿದು ಬಂದಾಗ ನನಗೆ ತಿಳಿಯುವ ಮೊದಲೇ, ಬೀಜ ತುಂಬಿ ತಂದಿದ್ದ ಕಾಫಿಪುಡಿಯ ಡಬ್ಬ ಕೈಗೆ ಬಂದಿತ್ತು. "ಹೋಯ್! ಹೋಯ್!" ಎಂದು ಬಡಿದೆ. ಕ್ಯಾರಲ್‌ಳ ನಾಯಿಗಳು ಬೊಗಳಿದವು. ಜಿಂಕೆಗಳು ಹಾರಿ ಓಡಿದವು.

"ಲೇ, ಕರೆದಿರೋದೇ ನಾವು ಕಣೇ," ಎಂದರು ಇವರು.

"ಕರೆದ್ರೆ ಹಿಂಗಾ ತಿನ್ನೋದು? ಒಂದು ಮಾನ ಮರ್ಯಾದೆ ಬೇಡ್ವಾ?"

ಮುಂದಿನ ವಾರ ನಾನು ಇನ್ನೊಂದು ಸುರುಳಿ ತಂತಿಬಲೆ ತರಿಸಿದೆ. ಪಂಜರವನ್ನು ಸ್ವಲ್ಪ ದೊಡ್ಡದು ಮಾಡಿದರೆ ಹೋಲಿಕೆ ಇನ್ನೂ ನಿಖರವಾಗುತ್ತದೆ ಎಂದು ಇವರಿಗೆ ಹೇಳಿದೆ. ನಂತರ ಮತ್ತೊಂದು ಸುರುಳಿ. ಬೋಳಾದ ಕಡೆ ಮತ್ತೆ ಬಿತ್ತಿ, ಬಿತ್ತಿದ ಕಡೆಗೆಲ್ಲ ಬಲೆ ಎಳೆದೆ. ಸೆಪ್ಟೆಂಬರಿನಲ್ಲಿ ಅವರೆ ಹೂ ಬಿಡುವ ಹೊತ್ತಿಗೆ ಹೊಲದ ಮುಕ್ಕಾಲು ಪಾಲು ನನ್ನ ಪಂಜರದೊಳಗಿತ್ತು. ಕ್ಯಾರಲ್ ಒಂದು ದಿನ ಟ್ರಕ್ಕು ನಿಲ್ಲಿಸಿ, ಇಳಿದು, ಒಂದು ಸುತ್ತು ಹಾಕಿ ನೋಡಿದಳು. ಅಲ್ಲಮ್ಮಾ, ನೀವು ಜಿಂಕೆಯ ಹೊಲದಿಂದ ಜಿಂಕೆಗಳನ್ನೇ ಹೊರಗೆ ಹಾಕಿದ್ದೀರಲ್ಲ ಎಂದಳು. ಒಂದು ಹಿಡಿ ಎಳೆ ಅಲಸಂದೆಕಾಯಿ ಕಿತ್ತು ಕೊಟ್ಟು ಕಳಿಸಿದೆ.

ಅಕ್ಟೋಬರ್ ಕೊನೆಯ ಹೊತ್ತಿಗೆ ಕಾಯಿ ತುಂಬಿತು. ಮೊದಲ ಕಾಯಿ ಕಿತ್ತು ಉಜ್ಜಿ ಮೂಗಿಗೆ ಹಿಡಿದೆ. ಅಮೆರಿಕದ ಬೀಜ, ಸೊಗಡು ಇರುವುದೇ ಅನುಮಾನ ಎಂದುಕೊಂಡಿದ್ದೆ. ನಮ್ಮೂರಿನಷ್ಟಿರಲಿಲ್ಲ. ಆದರೆ ಇತ್ತು. ಕೈಗೆ ಅಂಟು ಹತ್ತಿತು. ಅಷ್ಟಕ್ಕೇ, ಬಂಡೆಯ ಮೇಲೆ ಕೂತಿದ್ದ ಹುಡುಗಿಯ ಹಾಗೆ ನಾನು ಸಾಲಿನಲ್ಲೇ ಕೂತುಬಿಟ್ಟೆ.

ಆ ಶನಿವಾರ ಮೇಘಾ ಬಂದಳು. ಡೈನಿಂಗ್ ಟೇಬಲ್ಲಿನ ಮೇಲೆ ಪೇಪರ್ ಹಾಸಿ ಮೂವರೂ ಕೂತು ಕಾಯಿ ಸುಲಿದೆವು. ನೆನೆಹಾಕಿದ ಕಾಳಿನ ಸಿಪ್ಪೆಯನ್ನು ಹಿಸುಕಿ ಬೇಳೆ ಹಾರಿಸುವುದನ್ನು ಅವಳಿಗೆ ಕಲಿಸಿದೆ. ಒಂದು ಬೇಳೆ ಹಾರಿ ಅವಳಪ್ಪನ ಕನ್ನಡಕಕ್ಕೆ ಬಿತ್ತು.

"ಅಮ್ಮಾ, ಟೆಕ್ನಿಕಲಿ ದಿಸ್ ಈಸ್ ಡೀರ್ ಫುಡ್."

"ಜಿಂಕೆಗಳು ನಮ್ಮ ಫುಡ್ ತಿಂತಾ ಇದ್ವು ಕಣೇ. ಬಾಯಿ ಮುಚ್ಕೊಂಡು ಹಿಸುಕು."

ಹಿದುಕಿದ ಬೇಳೆ ಸಾರು, ಅಕ್ಕಿರೊಟ್ಟಿ. ಮೇಘಾ ಮೂರು ಸಲ ಹಾಕಿಸಿಕೊಂಡಳು. ಇವರು ಊಟ ಮುಗಿಸಿ, ಕೈ ಒಣಗುವವರೆಗೆ ತಟ್ಟೆಯ ಮುಂದೆ ಕೂತು ನನ್ನನ್ನೇ ನೋಡುತ್ತಿದ್ದರು. ಮುಖದಲ್ಲಿ ಏನೋ ಒಂದು ಗೆದ್ದ ಕಳೆ. ನನಗೆ ಆಗಲೇ ಅನುಮಾನ ಬಂತು. ತಮ್ಮ ಜಿಂಕೆಗಳ ಬಾಯಿಯ ತುತ್ತನ್ನು ಹೆಂಡತಿ ಕಿತ್ತುಕೊಂಡಿದ್ದಾಳೆ, ತಮ್ಮ ವರ್ಷದ ಶ್ರಮವನ್ನೆಲ್ಲ ಸಾರು ಮಾಡಿದ್ದಾಳೆ, ಈ ಮನುಷ್ಯ ಒಂದು ಸಲವೂ ಗೊಣಗಿಲ್ಲವಲ್ಲ ಏಕೆ? ಟಿವಿಯ ರಿಮೋಟು ಜಾಗ ಬದಲಾದರೆ ಮನೆ ತಲೆಯ ಮೇಲೆ ಹೊರುವವರು!

ಅದು ಅಲ್ಲಿಗೇ ಮರೆತುಹೋಗುತ್ತಿತ್ತೇನೋ. ಆದರೆ ನವೆಂಬರಿನಲ್ಲಿ ಒಂದು ದಿನ ಮಂಡ್ಯದಿಂದ ಅಣ್ಣ ಫೋನು ಮಾಡಿದ. ಅದೂ ಇದೂ ಮಾತಾಡಿ, "ಮತ್ತೆ ಯಾವಾಗ ಬತ್ತೀರವ್ವಾ ಈ ಕಡೀಕೆ? ಮನೆ ಕೆಲ್ಸ ಸುರು ಮಾಡಲ್ವಾ?" ಎಂದು ಕೇಳಿದ.

"ನೋಡೋಣ ಕಣಣ್ಣ," ಎಂದೆ.

ಹೇಳಿದವಳು ನಾನು. ನನ್ನದೇ ಬಾಯಿ. ಏಕೆ ಹಾಗೆಂದೆ? ಯೋಚಿಸಿದರೆ ಗೊತ್ತಾಯಿತು, ಮುಂದಿನ ಸಲ ಅವರೆಯ ಸಾಲಿನ ನಡುವೆ ಹುಚ್ಚೆಳ್ಳು ಹಾಕಿ ನೋಡಬೇಕೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಅದಕ್ಕೆ ಮೇ ತಿಂಗಳಿಗೆ ನಾನಿಲ್ಲಿರಬೇಕು. ಮತ್ತೆ ಅಕ್ಟೋಬರಿನವರೆಗೆ ಇರಬೇಕು.

ಪೊಲೀಸ್ ಬುದ್ಧಿ ಎಚ್ಚರವಾಯಿತು. ಒಂದೊಂದಾಗಿ ಹಿಂದಕ್ಕೆ ಹೋದೆ. ಅವರೆ ಇಲ್ಲದ ಬೀಜದ ಚೀಲಗಳೂ ಸಿಗುತ್ತಿದ್ದವು, ಅವರೆ ಇದ್ದದ್ದನ್ನೇ ಆರಿಸಿ ತಂದವರು ಯಾರು? ನನಗೆ ಗೊತ್ತಾಗದಂತೆ ಇಡಬೇಕಾದವರು ಗ್ಯಾರೇಜಿನಲ್ಲಿಡಬಹುದಿತ್ತು, ನನ್ನ ಮಿಕ್ಸಿಯ ಹಿಂದೆಯೇ ಗಂಟು ಏಕಿಟ್ಟರು? ಕೊರಳಿಗೆ ಯಂತ್ರ ಹಾಕಿಕೊಂಡು ನನ್ನ ಕಣ್ಣೆದುರಿಗೇ ಅಷ್ಟು ಕೆಟ್ಟದಾಗಿ ಬಿತ್ತಿದ್ದೇಕೆ? ಜುಲೈನಲ್ಲಿ ನನಗೆ ಬೇಕೆಂದು ಹೊಲದ ಪಕ್ಕ ಕೈಕಾಲು ತೊಳೆಯುವ ನಲ್ಲಿ ಹಾಕಿಸಿದರು. ಆಗಸ್ಟಿನಲ್ಲಿ ಬಿಸಿಲಿಗೆ ಒಂದು ಚಪ್ಪರ, ಅದರ ಕೆಳಗೆ ಬೆನ್ನಿಗೆ ಒರಗುಳ್ಳ ಕುರ್ಚಿ ಹಾಕಿಸಿದರು. ಮರಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ ಬಂದುಹೋಗುವ ಪ್ರಾಣಿಗಳ ಫೋಟೋ ಬೀಳುತ್ತದಲ್ಲ, ಅದನ್ನು ನೋಡುತ್ತ ಒಮ್ಮೆ, "ಈ ತಿಂಗಳು ಜಿಂಕೆಗಿಂತ ನೀನೇ ಜಾಸ್ತಿ ಬಂದಿದ್ದೀಯ" ಎಂದು ನಕ್ಕಿದ್ದರು. ಮೇವು, ನೀರು, ಮರೆ. ದೂರ ಸುಮ್ಮನೆ ಕೂರುವುದು. ಅದಾಗಿಯೇ ಬರುತ್ತದೆ, ಬಂದದ್ದು ನೆಲೆ ನಿಲ್ಲುತ್ತದೆ.

ಆ ಹೊಲವನ್ನು ಇವರು ಹಾಕಿದ್ದು ಜಿಂಕೆಗಲ್ಲ. ನನಗೆ.

ಎಷ್ಟು ಸಿಟ್ಟು ಬಂತೆಂದರೆ ಅಂದು ಸಾರಿಗೆ ಉಪ್ಪು ಎರಡು ಸಲ ಬಿತ್ತು. ಆದರೂ ಬಾಯಿ ಬಿಡಲಿಲ್ಲ. ನನ್ನ ಕೈಯಲ್ಲಿ ಇದ್ದದ್ದು ಬರೀ ಅನುಮಾನ. ಅವರೆ ಒಂದೇ ವರ್ಷದ ಬೆಳೆ. ಈ ವರ್ಷ ಹಾಕಿದವರು ಮುಂದಿನ ವರ್ಷ ಬಿಟ್ಟು ಹೋಗಬಹುದು ಎಂದು ಇವರು ವಾದಿಸಿದರೆ ನನ್ನ ಅನುಮಾನ ಬಿದ್ದುಹೋಗುತ್ತಿತ್ತು. ಚಳಿಗಾಲವಿಡೀ ಕಾದೆ. ಇವರು ಫೋನಿನಲ್ಲಿ ಯಾರೊಂದಿಗೆ ಮಾತಾಡಿದರೂ ಬಟ್ಟೆ ಮಡಿಸುವ ನೆಪದಲ್ಲಿ ಪಕ್ಕದಲ್ಲೇ ಇದ್ದೆ.

ಈ ವರ್ಷ ಮಾರ್ಚಿನಲ್ಲಿ, ಮಳೆ ಬಂದು ಗುಡ್ಡವೆಲ್ಲ ಹಸಿರಾಗಿದ್ದ ಒಂದು ಭಾನುವಾರ, ಜಮೀನಿನಲ್ಲಿ ಇವರು ಕಾರಿನ ಡಿಕ್ಕಿ ತೆಗೆದರು. ಒಳಗೆ ಒದ್ದೆ ಗೋಣಿಯಲ್ಲಿ ಸುತ್ತಿದ ಗೇಣುದ್ದದ ಸಸಿಗಳ ಕಟ್ಟು. ಜೊತೆಗೆ ಜಿಂಕೆ ಕಡಿಯದಂತೆ ಒಂದೊಂದಕ್ಕೂ ಹಾಕಲು ಉದ್ದುದ್ದನೆಯ ಕೊಳವೆಗಳು.

"ಏನ್ರೀ ಇದು?"

"ಓಕ್. ಇದರ ಕಾಯಿ ಉದುರಿದ್ರೆ ಜಿಂಕೆ, ಕಾಡುಕೋಳಿ ಎಲ್ಲಕ್ಕೂ ಆಗುತ್ತೆ. ವರ್ಷಾ ವರ್ಷಾ ಬಿತ್ತೋ ತಾಪತ್ರಯ ಇಲ್ಲ."

ಇವರು ಗುದ್ದಲಿ ತೆಗೆದುಕೊಂಡು ಗುಂಡಿ ತೋಡತೊಡಗಿದರು. ನಾನು ಸಸಿಗಳ ಕಟ್ಟನ್ನು ಹಿಡಿದು ನಿಂತೆ.

"ಇದು ಕಾಯಿ ಬಿಡೋಕೆ ಎಷ್ಟು ವರ್ಷ?"

"ಒಂದಿಪ್ಪತ್ತು. ಮೂವತ್ತೂ ಆಗಬಹುದು."

"ಮೈಸೂರಿಗೆ ಹೋಗೋ ಮನುಷ್ಯ ಇದನ್ನ ನೆಡಲ್ಲ ರೀ."

ಗುದ್ದಲಿ ನಿಂತಿತು. "ನೋಡೋಣ" ಎಂದರೆ ಈ ಕಟ್ಟನ್ನು ತಲೆಯ ಮೇಲೆ ಎಸೆಯುತ್ತಿದ್ದೆ. ಇವರು ನನ್ನ ಕಡೆ ನೋಡದೆ ಹೇಳಿದರು, "ಇಲ್ಲ. ನೆಡಲ್ಲ."

ಅನುಮಾನ ನಿಜವಾದಾಗ ನನಗೆ ಯಾವಾಗಲೂ ಒಂದು ತೃಪ್ತಿಯಾಗುತ್ತದೆ. ಅಂದು ಆಗಲಿಲ್ಲ. ತುಳಸಿಕಟ್ಟೆ, ಒಗೆಯುವ ಕಲ್ಲು, ಬಿಸಿಲು ಎಲ್ಲ ಒಂದೇ ಸಲ ಕಣ್ಣಿಗೆ ಬಂತು. ಅಳುವೂ ಬಂತು.

"ಬಾಯಿಬಿಟ್ಟು ಹೇಳಬಹುದಿತ್ತು. ಅವರೆಕಾಯಿ ತೋರಿಸಿ ಕಟ್ಟಿಹಾಕೋದಾ? ನಾನೇನು ದನಾನಾ?"

"ಹೇಳಿದ್ರೆ ನೀನು ಒಬ್ಬಳೇ ಹೋಗ್ತಿದ್ದೆ."

"ಹೋಗ್ತಿದ್ದೆ. ಈಗಲೂ ಹೋಗ್ತೀನಿ. ಯಾಕೆ ಬರಲ್ಲ ನೀವು? ಏನಾಗಿದೆ ಅಲ್ಲಿ?"

ಇವರು ತೋಡಿದ ಗುಂಡಿಯ ಅಂಚಿನಲ್ಲಿ ಕೂತರು. ಸ್ವಲ್ಪ ಹೊತ್ತು ಮಣ್ಣಿನ ಹೆಂಟೆ ಪುಡಿಮಾಡಿದರು. ಆಮೇಲೆ ಹೇಳಿದರು.

"ಹೋದ ಸಲ ನಮ್ಮಣ್ಣನ ತಿಥಿಗೆ ಮೈಸೂರಿಗೆ ನಾನೊಬ್ಬನೇ ಹೋಗಿದ್ನಲ್ಲ. ಸೈಟು ನೋಡ್ಕೊಂಡು ಬರೋಣ ಅಂತ ಒಂದು ದಿನ ಹೋದೆ. ಸುತ್ತ ಮುತ್ತ ಎಲ್ಲ ಅಪಾರ್ಟ್‌ಮೆಂಟು ಎದ್ದುಬಿಟ್ಟಿದೆ. ನಿಂತ್ಕೊಂಡು ನೋಡ್ತಿದ್ದೆ. ಎದುರುಗಡೆ ವಾಚ್‌ಮನ್ ಬಂದ. 'ಯಾರು ಸಾರ್ ನೀವು? ಯಾರು ಬೇಕಿತ್ತು?' ಅಂದ. ಅಣ್ಣ ಇದ್ದಿದ್ರೆ ಅಣ್ಣನ ಹೆಸರು ಹೇಳ್ತಿದ್ದೆ. ಯಾರ ಹೆಸರು ಹೇಳಬೇಕೋ ಹೊಳೀಲಿಲ್ಲ ಜಯಾ. ಆ ಊರಲ್ಲಿ ನನ್ನ ಗುರುತು ಹೇಳೋರು ಒಬ್ಬರ ಹೆಸರೂ ಬಾಯಿಗೆ ಬರಲಿಲ್ಲ. 'ಯಾರೂ ಬೇಡಪ್ಪ, ಸುಮ್ನೆ ನೋಡ್ತಿದ್ದೆ' ಅಂದು ಆಟೋ ಹತ್ತಿಬಿಟ್ಟೆ."

"ನಮ್ಮ ಸೈಟಿನ ಮುಂದೆ ನಿಂತು?"

"ನಮ್ಮ ಸೈಟಿನ ಮುಂದೇನೇ ನಿಂತು."

ಇವರ ಬಗ್ಗೆ ನಾನು ಏನೇನೋ ಅನುಮಾನಪಟ್ಟಿದ್ದೇನೆ. ದುಡ್ಡು ಹೆಚ್ಚಾಗಿದೆ, ಸೋಮಾರಿತನ ಬಂದಿದೆ, ಇಲ್ಲಿಯ ಸುಖ ಬಿಡಲಾಗದು, ನನ್ನ ಮಾತಿಗೆ ಬೆಲೆಯಿಲ್ಲ, ಎಲ್ಲವೂ ಬಂದುಹೋಗಿತ್ತು. ಹುಟ್ಟಿದೂರಿನಲ್ಲಿ ಒಬ್ಬ ವಾಚ್‌ಮನ್ನಿಗೆ ಹೆದರಿ ಆಟೋ ಹತ್ತಿದ್ದಾರೆ ಎಂದು ಮಾತ್ರ ಹೊಳೆದಿರಲಿಲ್ಲ. ಮಣ್ಣು ಮೆತ್ತಿದ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ ಇವರನ್ನು ನೋಡಿ ನನಗೆ ಅಯ್ಯೋ ಎನಿಸಿತು. ಸಿಟ್ಟು ಹೋಗಲಿಲ್ಲ, ಅದು ಆ ವಾಚ್‌ಮನ್ನಿನ ಕಡೆ ತಿರುಗಿತು.

ಕಟ್ಟಿನಿಂದ ಒಂದು ಸಸಿ ಬಿಡಿಸಿ ಗುಂಡಿಯಲ್ಲಿ ನೆಟ್ಟಗೆ ಹಿಡಿದೆ. ಇವರು ಮಣ್ಣು ಎಳೆದರು.

"ಡಿಸೆಂಬರಿಗೆ ಎರಡು ಟಿಕೆಟ್ ತೆಗೀರಿ," ಎಂದೆ. "ಮನೆ ಕಟ್ಟೋದು, ಬಿಡೋದು, ಎಲ್ಲಿ ಇರೋದು, ಅದೆಲ್ಲ ಆಮೇಲೆ ಜಗಳ ಆಡೋಣ. ಮೊದಲು ಆ ವಾಚ್‌ಮನ್ ಮುಂದೆ ನಿಮ್ಮನ್ನ ಕರ್ಕೊಂಡು ಹೋಗಿ ನಿಲ್ಲಿಸಿ, ನೀವು ಯಾರು ಅಂತ ನಾನು ಹೇಳ್ತೀನಿ."